ದಿನಾ ಒಂದು ಚಾಮುಂಡಿ ಬೆಟ್ಟ: ನಿಮ್ಮ ಹಿಮ್ಮಡಿ ಇದಕ್ಕೆ ರೆಡಿ ಇದೆಯಾ?

ಸಂಜೆ ಏಳರ ಮೇಲೆ ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟ್ ಜಿಮ್‌ಗೆ ಹೋಗಿ, ಒಂದು ದೃಶ್ಯ ಗ್ಯಾರಂಟಿ. ಟ್ರೆಡ್‌ಮಿಲ್ ಮೂತಿ ಮೇಲಕ್ಕೆತ್ತಿಕೊಂಡು ನಿಂತಿರುತ್ತೆ. ಅದರ ಮೇಲೆ ಒಬ್ಬರು ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು, ಮುಂದಿನ ಹಿಡಿ ಬಿಗಿಯಾಗಿ ಹಿಡಿದು, ಏದುಸಿರು ಬಿಡುತ್ತಾ ನಡೆಯುತ್ತಿರುತ್ತಾರೆ. ಓಡ್ತಾ ಇಲ್ಲ, ಬರೀ ನಡೀತಾ ಇದ್ದಾರೆ. ಆದರೂ ಟೀ ಶರ್ಟ್ ಪೂರ್ತಿ ಒದ್ದೆ.

ಇದಕ್ಕೆ 12-3-30 ಅಂತ ಹೆಸರು. ಶೇ 12ರಷ್ಟು ಏರು, ಗಂಟೆಗೆ 3 ಮೈಲಿ ವೇಗ, 30 ನಿಮಿಷ. ಅಮೆರಿಕದ ಲಾರೆನ್ ಜಿರಾಲ್ಡೊ 2019ರಲ್ಲಿ ಯೂಟ್ಯೂಬ್‌ನಲ್ಲಿ ಹೇಳಿಕೊಂಡ ಈ ಸೂತ್ರ 2020ರಲ್ಲಿ ಟಿಕ್‌ಟಾಕ್‌ನಲ್ಲಿ ವೈರಲ್ ಆಯ್ತು. ಓಡೋಕೆ ಮನಸ್ಸಿಲ್ಲದವರಿಗೆ, ಜಿಗಿದರೆ ಮಂಡಿ ನೋವು ಅನ್ನುವವರಿಗೆ ಇದು ಬಹಳ ಇಷ್ಟವಾಗಿದೆ. ಇಷ್ಟ ಆಗೋಕೆ ಕಾರಣವೂ ಇದೆ. ಹೃದಯಕ್ಕೆ ಒಳ್ಳೆ ಕೆಲಸ, ಮಂಡಿಗೆ ಓಟದಷ್ಟು ಹೊಡೆತವಿಲ್ಲ.

ಆದರೆ ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 3 ಮೈಲಿ ಅಂದರೆ 4.8 ಕಿ.ಮೀ. ಅರ್ಧ ಗಂಟೆಗೆ 2.4 ಕಿ.ಮೀ. ಅದರ ಶೇ 12 ಅಂದರೆ ಸುಮಾರು 285 ಮೀಟರ್ ಎತ್ತರ. ಮೈಸೂರು ನಗರದ ಮಟ್ಟದಿಂದ ಚಾಮುಂಡಿ ಬೆಟ್ಟದ ಎತ್ತರ ಹೆಚ್ಚುಕಮ್ಮಿ 300 ಮೀಟರ್. ಅಂದರೆ ಎಸಿ ಜಿಮ್‌ನಲ್ಲಿ ಟೀವಿ ನೋಡುತ್ತಾ ನೀವು ದಿನಾ ಹತ್ತಿರಹತ್ತಿರ ಒಂದು ಚಾಮುಂಡಿ ಬೆಟ್ಟ ಹತ್ತುತ್ತಿದ್ದೀರಿ. ವರ್ಷಕ್ಕೊಮ್ಮೆ ಸಾವಿರ ಮೆಟ್ಟಿಲು ಹತ್ತಿ ಬಂದು ಎರಡು ದಿನ ಕಾಲು ಹಿಡಿದುಕೊಂಡು ಕೂರುವ ನಾವೇ ವಾರಕ್ಕೆ ಐದು ಸಲ ಇದನ್ನು ಮಾಡ್ತೀವಿ.

ಈ ಲೆಕ್ಕವನ್ನು ನಮಗಿಂತ ಮೊದಲು ಗಮನಿಸುವುದು ಹಿಮ್ಮಡಿಯ ಹಿಂಭಾಗ. ಎರಡು ಮೂರು ವಾರ ಕಳೆದ ಮೇಲೆ ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಮರದ ಕಾಲಿನ ಹಾಗೆ ಬಿಗಿ. ಆಮೇಲೆ ಸರಿಹೋಗುತ್ತೆ. 'ಏನೋ ನರ ಹಿಡ್ಕೊಂಡಿದೆ' ಅಂದುಕೊಂಡು ಸುಮ್ಮನಾಗ್ತೀವಿ.

ಅದು ನರ ಅಲ್ಲ, ಹಗ್ಗ

ನಮ್ಮ ಮಾತಿನಲ್ಲಿ ಬಿಗಿಯೋದೆಲ್ಲಾ ನರವೇ. ಆದರೆ ಇಲ್ಲಿ ಬಿಗಿಯುವುದು ಅಕಿಲಿಸ್ ಸ್ನಾಯುರಜ್ಜು. ಮೀನಖಂಡದಲ್ಲಿ ಎರಡು ಮುಖ್ಯ ಸ್ನಾಯುಗಳಿವೆ. ಹೊರಗೆ ಉಬ್ಬಿ ಕಾಣುವುದು ಗ್ಯಾಸ್ಟ್ರಾಕ್ನೀಮಿಯಸ್, ಅದರ ಒಳಗೆ ಚಪ್ಪಟೆಯಾಗಿರುವುದು ಸೋಲಿಯಸ್. ಎರಡೂ ಕೆಳಗೆ ಬರ್ತಾ ಒಂದು ದಪ್ಪ ಹಗ್ಗವಾಗಿ ಸೇರಿ ಹಿಮ್ಮಡಿ ಮೂಳೆಗೆ ಅಂಟಿಕೊಳ್ಳುತ್ತವೆ. ಉದ್ದ ಸುಮಾರು 15 ಸೆಂ.ಮೀ. ನಮ್ಮ ದೇಹದ ಅತ್ಯಂತ ಬಲವಾದ ಸ್ನಾಯುರಜ್ಜು ಇದೇ. ನಮ್ಮ ದುರ್ಯೋಧನನಿಗೆ ತೊಡೆ ಹೇಗೋ, ಗ್ರೀಕರ ವೀರ ಅಕಿಲಿಸ್‌ಗೆ ಹಿಮ್ಮಡಿ ಹಾಗೆ. ಅವನ ಹೆಸರೇ ಇದಕ್ಕೆ ಉಳಿದುಕೊಂಡಿದೆ.

ಸಮತಟ್ಟಾದ ರಸ್ತೆಯಲ್ಲಿ ಆರಾಮಾಗಿ ನಡೆಯುವಾಗಲೂ ಪ್ರತಿ ಹೆಜ್ಜೆಗೆ ಈ ಹಗ್ಗದ ಮೇಲೆ ದೇಹದ ತೂಕದ ಸುಮಾರು ಮೂರು ಪಟ್ಟು ಎಳೆತ ಬೀಳುತ್ತೆ. ಹಗ್ಗ ಗಟ್ಟಿ ಇದೆ, ತಡೆಯುತ್ತೆ. ತೊಂದರೆ ಇರುವುದು ರಿಪೇರಿಯಲ್ಲಿ. ಸ್ನಾಯುವಿಗೆ ಹರಿಯುವಷ್ಟು ರಕ್ತ ಇದಕ್ಕೆ ಹರಿಯಲ್ಲ. ಅದರಲ್ಲೂ ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂ.ಮೀ. ಮೇಲಿನ ಭಾಗಕ್ಕೆ ಸರಬರಾಜು ಇನ್ನೂ ಕಡಿಮೆ. ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅಲ್ಲೇ.

ಏರಿನಲ್ಲಿ ಏನು ಬದಲಾಗುತ್ತೆ?

ಟ್ರೆಡ್‌ಮಿಲ್‌ನಲ್ಲಿ ಕಾಣುವ 12 ಅನ್ನೋದು ಶೇಕಡಾವಾರು ಲೆಕ್ಕ, ಡಿಗ್ರಿ ಅಲ್ಲ. ಡಿಗ್ರಿಯಲ್ಲಿ ಹೇಳಿದರೆ ಅದು ಸುಮಾರು 7. ಕೇಳೋಕೆ ಸಣ್ಣದು. ಆದರೆ ಸಮತಟ್ಟಿನಲ್ಲಿ ನಡೆಯುವಾಗ ಪಾದದ ಕೀಲು ಮುಂದಕ್ಕೆ ಬಾಗಬೇಕಾದದ್ದೇ ಸುಮಾರು 10 ಡಿಗ್ರಿ. ಅಂಥ ಕೀಲಿಗೆ ಇನ್ನೂ ಕೆಲವು ಡಿಗ್ರಿ ಬಾಗು ಅನ್ನುವುದು ಸಣ್ಣ ಬೇಡಿಕೆಯಲ್ಲ.

ಏರಿನಲ್ಲಿ ಹಿಮ್ಮಡಿ ಕೆಳಗೆ, ಬೆರಳು ಮೇಲೆ. ಮೀನಖಂಡ ಎಳೆದುಕೊಂಡ ಸ್ಥಿತಿಯಲ್ಲೇ ಕೆಲಸ ಶುರು ಮಾಡಬೇಕು. ಅಲ್ಲಿಂದ ಇಡೀ ದೇಹವನ್ನು ಮುಂದಕ್ಕೆ ಮಾತ್ರವಲ್ಲ, ಮೇಲಕ್ಕೂ ತಳ್ಳಬೇಕು. ಅರ್ಧ ಗಂಟೆಯಲ್ಲಿ ಒಂದೊಂದು ಕಾಲಿಗೂ ಸಾವಿರದೈನೂರಕ್ಕಿಂತ ಹೆಚ್ಚು ಸಲ ಇದೇ ಕೆಲಸ. ಬೆಟ್ಟದಲ್ಲಾದರೆ ಏರು, ತಟ್ಟು, ತಿರುವು ಎಲ್ಲಾ ಇರುತ್ತೆ, ಕಾಲಿಗೆ ಮಧ್ಯೆ ಮಧ್ಯೆ ಬಿಡುವು ಸಿಗುತ್ತೆ. ಬೆಲ್ಟ್ ಮೇಲೆ 30 ನಿಮಿಷವೂ ಒಂದೇ ಕೋನ.

ಕೀಲು ಅಷ್ಟು ಬಾಗದಿದ್ದರೆ? ದೇಹ ಅಡ್ಡದಾರಿ ಹುಡುಕುತ್ತೆ. ಹಿಮ್ಮಡಿ ಬೇಗ ಎದ್ದುಬಿಡುತ್ತೆ, ನೀವು ಗೊತ್ತಿಲ್ಲದೆ ತುದಿಗಾಲಲ್ಲಿ ಹತ್ತುತ್ತೀರಿ. ಇಲ್ಲಾ ಪಾದ ಹೊರಗೆ ತಿರುಗುತ್ತೆ, ಪಾದದ ಒಳಕಮಾನು ಕುಸಿಯುತ್ತೆ. ಇಲ್ಲಾ ಸೊಂಟದಿಂದ ಮುಂದಕ್ಕೆ ಬಗ್ಗುತ್ತೀರಿ. ಪಾದದ ಕೀಲು ಮಾಡದ ಕೆಲಸ ಮಂಡಿ, ಸೊಂಟದ ಮೇಲೆ ಬೀಳುತ್ತೆ.

ಗೋಡೆ ಹತ್ತಿರ ಬನ್ನಿ, ಎರಡು ನಿಮಿಷ ಸಾಕು

ನಿಮ್ಮ ಕೀಲು ಎಷ್ಟು ಬಾಗುತ್ತೆ ಅಂತ ಮನೆಯಲ್ಲೇ ನೋಡಬಹುದು. ಫಿಸಿಯೋಥೆರಪಿಸ್ಟ್‌ಗಳು ದಿನಾ ಮಾಡಿಸುವ ಪರೀಕ್ಷೆ ಇದು. ಬರಿಗಾಲಲ್ಲಿ ಗೋಡೆಗೆ ಎದುರಾಗಿ ನಿಲ್ಲಿ. ಒಂದು ಪಾದ ಮುಂದಿಟ್ಟು, ಹಿಮ್ಮಡಿ ನೆಲಕ್ಕೆ ಅಂಟಿಸಿಕೊಂಡೇ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿತಾ? ಪಾದವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ಮುಟ್ಟಿಸಿ. ಹಿಮ್ಮಡಿ ಏಳದಂತೆ ಮಂಡಿ ಮುಟ್ಟುವ ಕೊನೆಯ ಜಾಗದಲ್ಲಿ ಹೆಬ್ಬೆರಳ ತುದಿಯಿಂದ ಗೋಡೆಗೆ ಎಷ್ಟು ದೂರ ಅಂತ ಸ್ಕೇಲ್ ಇಟ್ಟು ನೋಡಿ.

ಸುಮಾರು 10 ಸೆಂ.ಮೀ. ಬಂದರೆ ಚೆನ್ನಾಗಿದೆ. ಆರೇಳು ಸೆಂ.ಮೀ.ಗೇ ಹಿಮ್ಮಡಿ ಎದ್ದರೆ ಶೇ 12ರ ಏರು ಸದ್ಯಕ್ಕೆ ನಿಮ್ಮದಲ್ಲ. ಎರಡು ಕಾಲಿಗೂ ಅಳೆಯಿರಿ. ಒಂದಕ್ಕೊಂದು ಎರಡು ಸೆಂ.ಮೀ. ವ್ಯತ್ಯಾಸ ಇದ್ದರೆ ಕಮ್ಮಿ ಇರುವ ಕಾಲು ಯಾವಾಗಲೋ ಉಳುಕಿದ್ದು ನೆನಪಾಗುತ್ತಾ ನೋಡಿ. ಹಳೇ ಉಳುಕು ಕೀಲನ್ನು ಹೀಗೆ ಬಿಗಿ ಮಾಡಿ ಹೋಗಿರುವುದು ಸಾಮಾನ್ಯ.

ಇನ್ನೊಂದು ಸೂಕ್ಷ್ಮ ಇದೆ. ಬಾಗುವಾಗ ಹಿಂದೆ ಮೀನಖಂಡ ಎಳೆದ ಹಾಗಾದರೆ ಬಿಗಿ ಇರುವುದು ಸ್ನಾಯುವಿನಲ್ಲಿ. ಮುಂದೆ, ಕೀಲಿನ ಮಡಿಕೆಯಲ್ಲಿ ಚುಚ್ಚಿದ ಹಾಗಾದರೆ ಅಡ್ಡಿ ಇರುವುದು ಕೀಲಿನಲ್ಲೇ. ಎರಡನೆಯದು ಎಷ್ಟು ಸ್ಟ್ರೆಚ್ ಮಾಡಿದರೂ ಬಗ್ಗಲ್ಲ. ಫಿಸಿಯೋ ಒಬ್ಬರಿಗೆ ತೋರಿಸುವುದೇ ಸರಿ.

ಈಗ ಶಕ್ತಿಯ ಪರೀಕ್ಷೆ. ಒಂಟಿಕಾಲಲ್ಲಿ ನಿಂತು, ಬೆರಳ ತುದಿ ಗೋಡೆಗೆ ತಾಗಿಸಿಕೊಂಡು ಹಿಮ್ಮಡಿ ಎತ್ತಿ ಇಳಿಸಿ. 20ರಿಂದ 25 ಸಲ ಪೂರ್ತಿ ಎತ್ತರಕ್ಕೆ ಹೋಗಿ ಬರಬೇಕು. ಹತ್ತಕ್ಕೇ ನಡುಕ ಬಂದರೆ ಕೀಲು ಸಡಿಲವಿದ್ದರೂ ಹಗ್ಗ ಎಳೆಯುವ ಆಳಿಗೆ ಬಲ ಸಾಲದು ಅಂತ ಅರ್ಥ.

ಏರು ನಡಿಗೆಯಿಂದ ಕಾಲು ಸಡಿಲ ಆಗುತ್ತಾ?

'ದಿನಾ ಇನ್‌ಕ್ಲೈನ್ ಮಾಡಿ, ಆ್ಯಂಕಲ್ ಫ್ಲೆಕ್ಸಿಬಲ್ ಆಗುತ್ತೆ' ಅಂತ ರೀಲ್ಸ್‌ಗಳು ಹೇಳುತ್ತವೆ. ಅರ್ಧ ನಿಜ. ಬಾಗಿದ ಸ್ಥಿತಿಯಲ್ಲಿ ಪದೇಪದೇ ಕೆಲಸ ಮಾಡಿಸಿದರೆ ಆ ವ್ಯಾಪ್ತಿ ನಿಧಾನವಾಗಿ ದೇಹಕ್ಕೆ ಒಗ್ಗುತ್ತೆ. ಆದರೆ ಉದ್ದವಾಗುವುದು ಹಗ್ಗ ಅಲ್ಲ. ಮೊದಲು ಬದಲಾಗುವುದು ಎಳೆತವನ್ನು ಸಹಿಸುವ ನಮ್ಮ ಶಕ್ತಿ. ವರ್ಷಗಟ್ಟಲೆ ಮಾಡಿದರೆ ಸ್ನಾಯುವಿನ ಎಳೆಗಳೂ ಬದಲಾಗಬಹುದು.

ಇದಕ್ಕೊಂದು ಚಂದದ ಉದಾಹರಣೆ ಉಗಾಂಡಾದ ತ್ವಾ ಸಮುದಾಯ. ಜೇನಿಗಾಗಿ ಮರ ಹತ್ತುವ ಇವರು ಪಾದವನ್ನು ಕಾಂಡಕ್ಕೆ ಒತ್ತಿ ಹೆಚ್ಚುಕಮ್ಮಿ ನಡೆದುಕೊಂಡೇ ಮೇಲೇರುತ್ತಾರೆ. ಆಗ ಅವರ ಪಾದ 45 ಡಿಗ್ರಿಗಿಂತ ಹೆಚ್ಚು ಬಾಗಿರುತ್ತೆ. ನಾವು ಹಾಗೆ ಬಾಗಿಸಲು ಹೋದರೆ ಆಸ್ಪತ್ರೆ ದಾರಿ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇವರ ಮೀನಖಂಡವನ್ನು ಸ್ಕ್ಯಾನ್ ಮಾಡಿ, ಮರ ಹತ್ತದ ನೆರೆಯ ರೈತರ ಜೊತೆ ಹೋಲಿಸಿತು. ಮರ ಹತ್ತುವವರ ಸ್ನಾಯುವಿನ ಎಳೆಗಳು ಹೆಚ್ಚು ಉದ್ದ ಇದ್ದವು. ಮೂಳೆ ಅದೇ ಬಗೆಯದು, ಬದುಕಿನ ರೀತಿ ಬೇರೆ.

ನಮ್ಮಲ್ಲೂ ಅಂಥದ್ದೇ ಒಂದು ಅಭ್ಯಾಸ ಇತ್ತು: ಕುಕ್ಕರುಗಾಲು. ಬಟ್ಟೆ ಒಗೆಯುವುದು, ಈಳಿಗೆ ಮಣೆ ಮುಂದೆ ತರಕಾರಿ ಹೆಚ್ಚುವುದು, ಬಸ್ ಸ್ಟ್ಯಾಂಡಲ್ಲಿ ಕಾಯುವುದು, ಶೌಚ, ಎಲ್ಲಾ ಹಿಮ್ಮಡಿ ನೆಲಕ್ಕೂರಿ ಕುಕ್ಕರುಗಾಲಲ್ಲೇ. ಅಜ್ಜಿಗೆ ಬೇರೆ ಆ್ಯಂಕಲ್ ಮೊಬಿಲಿಟಿ ಕ್ಲಾಸ್ ಬೇಕಿರಲಿಲ್ಲ. ಈಗ ಕಮೋಡ್, ಡೈನಿಂಗ್ ಟೇಬಲ್, ಆಫೀಸ್ ಕುರ್ಚಿ. ಮೇಲೆ ಹಿಮ್ಮಡಿ ಎತ್ತರಿಸಿದ ಶೂ, ಚಪ್ಪಲಿ. ದಿನವಿಡೀ ಮೀನಖಂಡ ಕುಗ್ಗಿಯೇ ಇರುತ್ತೆ. ಸಂಜೆ ಅರ್ಧ ಗಂಟೆ ಏಕಾಏಕಿ ಎಳೆದರೆ ಅದು ಮುನಿಸಿಕೊಳ್ಳದೆ ಏನು ಮಾಡೀತು?

ಹಗ್ಗಕ್ಕೆ ಅವಸರ ಗೊತ್ತಿಲ್ಲ

ಹೊಸ ವ್ಯಾಯಾಮ ಶುರು ಮಾಡಿದರೆ ಎರಡು ಮೂರು ವಾರಕ್ಕೆ ದಮ್ಮು ಸುಧಾರಿಸುತ್ತೆ. ಒಂದೂವರೆ ತಿಂಗಳಿಗೆ ಸ್ನಾಯುವಿಗೆ ಬಲ ಬರುತ್ತೆ. ಸ್ನಾಯುರಜ್ಜಿಗೆ ತಿಂಗಳುಗಳೇ ಬೇಕು. ಅಪಾಯ ಇರುವುದು ಈ ಅಂತರದಲ್ಲಿ. ಎದೆ 'ಇನ್ನೂ ಏರಿಸು' ಅನ್ನುತ್ತೆ, ಹಗ್ಗ 'ಸ್ವಲ್ಪ ತಾಳು' ಅನ್ನುತ್ತೆ. ಎದೆಯ ಮಾತು ಕೂಡಲೇ ಕೇಳಿಸುತ್ತೆ, ಹಗ್ಗದ್ದು ಮಾರನೇ ದಿನ.

ಇದು ಎಷ್ಟು ನಿಧಾನದ ವಸ್ತು ಅನ್ನೋದಕ್ಕೆ ಡೆನ್ಮಾರ್ಕ್‌ನ ಸಂಶೋಧಕರು 2013ರಲ್ಲಿ ವಿಚಿತ್ರವಾದ ಸಾಕ್ಷಿ ಕೊಟ್ಟರು. 1955ರಿಂದ 1963ರವರೆಗಿನ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ವಿಪರೀತ ಏರಿತ್ತು, ಊಟದ ಮೂಲಕ ಜನರ ದೇಹ ಸೇರಿತ್ತು. ಬೇರೆ ಬೇರೆ ವಯಸ್ಸಿನವರ ಅಕಿಲಿಸ್‌ನಲ್ಲಿ ಆ ಗುರುತು ಹುಡುಕಿದಾಗ ಗೊತ್ತಾದದ್ದು ಇದು: ಹಗ್ಗದ ತಿರುಳು ಸುಮಾರು 17 ವರ್ಷ ವಯಸ್ಸಿನೊಳಗೆ ಕಟ್ಟಿಕೊಳ್ಳುತ್ತೆ, ಆಮೇಲೆ ಅದು ಹೊಸದಾಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪಿಯುಸಿ ಮುಗಿಸುವಾಗ ಇದ್ದ ಹಗ್ಗವೇ ರಿಟೈರ್ ಆಗುವವರೆಗೂ ಬರಬೇಕು.

ಹಾಗಂತ ಕೆಲಸ ಕೊಡದೆ ಜೋಪಾನ ಮಾಡುವುದಲ್ಲ. ಭಾರ ಬಿದ್ದರೇನೇ ಅದು ಗಟ್ಟಿಯಾಗುವುದು. ಆದರೆ ಬಿಡುವು ಬೇಕು. ಜೋರು ವ್ಯಾಯಾಮದ ನಂತರ ಮೊದಲ ಒಂದು, ಒಂದೂವರೆ ದಿನ ಹಗ್ಗದಲ್ಲಿ ಕೊಲಾಜೆನ್ ಕಟ್ಟುವುದಕ್ಕಿಂತ ಒಡೆಯುವುದೇ ಜಾಸ್ತಿ. ಆಮೇಲೆ ಕಟ್ಟುವ ಕೆಲಸ ಮೇಲುಗೈಯಾಗುತ್ತೆ. ಹೊಸ ಗಾರೆಗೆ ನೀರು ಹಾಯಿಸಿ ಕ್ಯೂರಿಂಗ್ ಬಿಟ್ಟ ಹಾಗೆ ಇದಕ್ಕೂ ಬಿಡಬೇಕು. ಕಡಿದಾದ ಏರು ದಿನಬಿಟ್ಟು ದಿನ ಅನ್ನುವುದು ಸೋಮಾರಿತನ ಅಲ್ಲ.

ನೋವು ಎಲ್ಲಿದೆ? ಬೆರಳಿಟ್ಟು ನೋಡಿ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಿಮ್ಮಡಿ ನೋವು ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದು ಮೂರು ಬೇರೆ ತೊಂದರೆಗಳನ್ನು.

ಹಿಮ್ಮಡಿಯ ಅಡಿಯಲ್ಲಿ, ನೆಲಕ್ಕೆ ತಾಗುವ ಕಡೆ ನೋವಿದ್ದರೆ ಅದು ಹೆಚ್ಚಾಗಿ ಅಂಗಾಲಿನ ಪೊರೆಯ ತೊಂದರೆ, ಪ್ಲಾಂಟಾರ್ ಫ್ಯಾಶಿಯೈಟಿಸ್. ಅಕಿಲಿಸ್ ಅಲ್ಲ.

ಹಿಂದೆ, ಹಿಮ್ಮಡಿಯಿಂದ ಮೂರ್ನಾಲ್ಕು ಬೆರಳು ಮೇಲೆ, ಹಗ್ಗವನ್ನು ಚಿವುಟಿದರೆ ನೋವು, ಸ್ವಲ್ಪ ದಪ್ಪ ಅನ್ನಿಸಿದರೆ ಅದು ಅಕಿಲಿಸ್‌ನ ಮಧ್ಯಭಾಗದ ತೊಂದರೆ. ಇದಕ್ಕೆ ಒಳ್ಳೆಯ ಮದ್ದು ವಿಶ್ರಾಂತಿಗಿಂತ ಲೆಕ್ಕದ ಭಾರ. ಸ್ವೀಡನ್‌ನ ಮೂಳೆ ತಜ್ಞ ಹಾಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಕ್ರಮ ಇವತ್ತಿಗೂ ಪ್ರಸಿದ್ಧ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. 15ರಂತೆ ಮೂರು ಸುತ್ತು, ಮಂಡಿ ನೇರವಾಗಿಟ್ಟು ಒಮ್ಮೆ, ಮಡಚಿ ಒಮ್ಮೆ, ದಿನಕ್ಕೆ ಎರಡು ಹೊತ್ತು, 12 ವಾರ. ಬಹಳ ಕಾಲದಿಂದ ನೋವಿದ್ದ 15 ಮಂದಿ ಹವ್ಯಾಸಿ ಓಟಗಾರರು 12 ವಾರಗಳ ನಂತರ ಮತ್ತೆ ಓಡತೊಡಗಿದರು.

ಮೂರನೆಯದು ಹಗ್ಗ ಮೂಳೆಗೆ ಅಂಟುವ ಜಾಗದ ನೋವು. ಶೂ ಹಿಂಭಾಗ ಉಜ್ಜುವ ಕಡೆ, ಮೂಳೆ ಮೇಲೇ ಒತ್ತಿದರೆ ನೋವು. ಇಲ್ಲೇ ಜನ ಎಡವುವುದು. ಪಾದ ಹೆಚ್ಚು ಬಾಗಿದಷ್ಟೂ ಹಗ್ಗ ಹಿಮ್ಮಡಿ ಮೂಳೆಗೆ ಒತ್ತಿಕೊಳ್ಳುತ್ತೆ. ಅಂದರೆ ಏರು ನಡಿಗೆ, ಗೋಡೆಗೆ ಒರಗಿ ಮಾಡುವ ಸ್ಟ್ರೆಚ್, ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಕೆಳಗಿಳಿಸುವುದು, ಮೂರೂ ಈ ನೋವನ್ನು ಕೆರಳಿಸುತ್ತವೆ. 'ಬಿಗಿಯಾಗಿದೆ, ಇನ್ನೂ ಚೆನ್ನಾಗಿ ಎಳೆಯೋಣ' ಅಂದುಕೊಂಡು ತಿಂಗಳುಗಟ್ಟಲೆ ಸ್ಟ್ರೆಚ್ ಮಾಡಿ ನೋವನ್ನು ಸಾಕಿಕೊಳ್ಳುವವರು ಇವರೇ. ಇಂಥವರು ಟ್ರೆಡ್‌ಮಿಲ್ ಸಮತಟ್ಟು ಮಾಡಿ, ಶೂ ಒಳಗೆ ಸಣ್ಣ ಹೀಲ್ ಪ್ಯಾಡ್ ಇಟ್ಟು, ನೆಲದ ಮೇಲೇ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಮಾಡಬೇಕು.

ಹಾಗಾದರೆ ಹೇಗೆ ಶುರು ಮಾಡೋದು?

ಇದು ಶಾಸನವಲ್ಲ, ಆರೋಗ್ಯವಾಗಿರುವ, ಆದರೆ ದಿನವಿಡೀ ಕೂತು ಕೆಲಸ ಮಾಡುವವರಿಗೆ ಒಂದು ಹದ.

• ಮೊದಲೆರಡು ವಾರ: ಏರು ಶೇ 2ರಿಂದ 4, 15–20 ನಿಮಿಷ, ವಾರಕ್ಕೆ ಮೂರು ದಿನ. ಮೊದಲ ಐದು ನಿಮಿಷ ಸಮತಟ್ಟಿನಲ್ಲಿ.

• ಆಮೇಲೆ ವಾರಕ್ಕೆ ಶೇ 1ರಷ್ಟು ಮಾತ್ರ ಏರಿಸಿ. ಏರು, ವೇಗ, ಸಮಯ ಮೂರರಲ್ಲಿ ಒಂದು ವಾರಕ್ಕೆ ಒಂದನ್ನೇ ಮುಟ್ಟಿ. ಹೀಗೆ ಹೋದರೆ ಶೇ 12 ಮುಟ್ಟೋಕೆ ಎರಡೂವರೆ ಮೂರು ತಿಂಗಳು. ಮುಟ್ಟಲೇಬೇಕು ಅಂತಲೂ ಇಲ್ಲ.

• 30 ನಿಮಿಷವೂ ಒಂದೇ ಕೋನ ಬೇಡ. ಐದು ನಿಮಿಷ ಏರು, ಎರಡು ನಿಮಿಷ ತಟ್ಟು ಅಂತ ಬೆಟ್ಟದ ಹಾಗೆ ಬದಲಾಯಿಸಿ.

• ಮುಂದಿನ ಹಿಡಿಗೆ ಜೋತುಬಿದ್ದು ಹಿಂದಕ್ಕೆ ವಾಲಬೇಡಿ. ದೇಹ ಬೆಲ್ಟ್‌ಗೆ ನೇರವಾಗಿ ನಿಂತುಬಿಟ್ಟರೆ ಏರು ಇಟ್ಟದ್ದೇ ದಂಡ. ಹಿಡಿಯದೆ ನಡೆಯೋಕೆ ಆಗ್ತಿಲ್ಲ ಅಂದರೆ ಏರು ಜಾಸ್ತಿಯಾಗಿದೆ, ಇಳಿಸಿ.

• ವಾರಕ್ಕೆ ಮೂರು ದಿನ ಹಿಮ್ಮಡಿ ಎತ್ತುವ ವ್ಯಾಯಾಮ. ಮಂಡಿ ನೇರವಾಗಿಟ್ಟು 15ರಂತೆ ಮೂರು, ಮಡಚಿ 15ರಂತೆ ಮೂರು. ಮಂಡಿ ಮಡಚಿದಾಗ ಒಳಗಿನ ಸೋಲಿಯಸ್‌ಗೆ ಹೆಚ್ಚು ಕೆಲಸ. ಏರು ನಡಿಗೆಯ ದೊಡ್ಡ ಪಾಲು ಹೊರುವುದು ಅದೇ.

• ದಿನಕ್ಕೊಂದೆರಡು ನಿಮಿಷ ಕುಕ್ಕರುಗಾಲಲ್ಲಿ ಕೂರಿ. ಹಿಮ್ಮಡಿ ಏಳುತ್ತೆ ಅಂದರೆ ಅದರಡಿ ಒಂದು ಮಡಚಿದ ಟವೆಲ್ ಇಡಿ, ಬಾಗಿಲ ಚೌಕಟ್ಟು ಹಿಡಿದುಕೊಳ್ಳಿ. ಮಂಡಿ ನೋವಿದ್ದವರು ಬಿಡಿ.

ಸರಿಯಾಗಿ ನಡೀತಾ ಇದೆಯಾ ಅಂತ ತಿಳಿಯೋದು ಹೇಗೆ? ಸ್ಮಾರ್ಟ್‌ವಾಚ್ ಹೇಳಲ್ಲ, ಬೆಳಗಿನ ಮೊದಲ ಹತ್ತು ಹೆಜ್ಜೆ ಹೇಳುತ್ತೆ. ನಡೆಯುವಾಗ ಹತ್ತರಲ್ಲಿ ಎರಡು ಮೂರರಷ್ಟು ನೋವು ಬಂದು, ಮಾರನೇ ಬೆಳಗ್ಗೆ ಎಂದಿನಂತಿದ್ದರೆ ಮುಂದುವರಿಸಿ. ಬೆಳಗಿನ ಬಿಗಿ ನಿನ್ನೆಗಿಂತ ಜಾಸ್ತಿಯಾಗಿದ್ದರೆ ಒಂದು ಹಂತ ಕೆಳಗಿಳಿಯಿರಿ. ಪೂರ್ತಿ ನಿಲ್ಲಿಸಬೇಕಿಲ್ಲ. 2007ರಲ್ಲಿ ಪ್ರಕಟವಾದ ಸ್ವೀಡನ್‌ನ ಮತ್ತೊಂದು ಅಧ್ಯಯನದಲ್ಲಿ, ನೋವನ್ನು ಹೀಗೆ ಅಳೆಯುತ್ತಾ ಓಟ ಮುಂದುವರಿಸಿದ ಅಕಿಲಿಸ್ ರೋಗಿಗಳೂ, ಮೊದಲ ಆರು ವಾರ ಓಟ ನಿಲ್ಲಿಸಿದವರಷ್ಟೇ ಚೇತರಿಸಿಕೊಂಡರು. ಇಬ್ಬರಿಗೂ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಇತ್ತು ಅನ್ನೋದು ಮುಖ್ಯ.

ವೀಕೆಂಡ್ ಟ್ರೆಕ್ ಹೋಗುವವರಿಗೆ

ಸೋಮವಾರದಿಂದ ಶುಕ್ರವಾರ ಲ್ಯಾಪ್‌ಟಾಪ್, ಶುಕ್ರವಾರ ರಾತ್ರಿ ಬಸ್, ಶನಿವಾರ ಬೆಳಗ್ಗೆ ಕುಮಾರ ಪರ್ವತ. ಈ ಟೈಮ್‌ಟೇಬಲ್ ಅಕಿಲಿಸ್‌ಗೆ ಅಚ್ಚರಿಯ ಏಟು. ಮೆಟ್ಟಿಲಿಗೂ ಇಳಿಜಾರಿಗೂ ವ್ಯತ್ಯಾಸ ಇದೆ ಅನ್ನೋದೂ ತಿಳಿದಿರಲಿ. ಮೆಟ್ಟಿಲ ಮೇಲೆ ಇಡೀ ಪಾದ ಊರಿದರೆ ಹಿಮ್ಮಡಿಗೆ ಆಧಾರ ಸಿಗುತ್ತೆ, ತೊಡೆ ಕೆಲಸ ಮಾಡುತ್ತೆ. ಅವಸರದಲ್ಲಿ ಮುಂಗಾಲಷ್ಟೇ ಊರಿ ಹತ್ತಿದರೆ ಭಾರವೆಲ್ಲಾ ಹಗ್ಗಕ್ಕೆ. ಕಡಿದಾದ ಮಣ್ಣಿನ ದಾರಿಯಲ್ಲಿ ನೇರ ಹತ್ತುವ ಬದಲು ಅಡ್ಡಡ್ಡ ಸಣ್ಣ ಹೆಜ್ಜೆ ಹಾಕಿ. ಬೆಟ್ಟದೂರಿನ ಜನ ನಡೆಯುವುದೂ ಹಾಗೇ.

ಯಾವಾಗ ಡಾಕ್ಟರ್ ಹತ್ತಿರ ಓಡಬೇಕು?

ನಡೆಯುವಾಗ ಟಪ್ ಅಂತ ಸದ್ದಾಗಿ, ಹಿಂದಿನಿಂದ ಯಾರೋ ಒದ್ದ ಹಾಗನ್ನಿಸಿ, ತುದಿಗಾಲಲ್ಲಿ ನಿಲ್ಲೋಕೇ ಆಗದಿದ್ದರೆ ಹಗ್ಗ ಹರಿದಿರಬಹುದು. ಎಣ್ಣೆ ತಿಕ್ಕುತ್ತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ, ಅದೂ ತುರ್ತೇ.

ಮಾತ್ರೆ ಡಬ್ಬಿಯನ್ನೂ ಒಮ್ಮೆ ನೋಡಿ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳು ಸ್ನಾಯುರಜ್ಜನ್ನು ದುರ್ಬಲ ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಇವುಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು. ಹೊಟ್ಟೆ ಕೆಟ್ಟಿತು ಅಂತ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನುಂಗಿ, ಸಂಜೆ ಟ್ರೆಡ್‌ಮಿಲ್ ಹತ್ತಬೇಡಿ. ಡಾಕ್ಟರ್ ಬರೆದುಕೊಟ್ಟಿದ್ದರೆ ನೀವಾಗೇ ನಿಲ್ಲಿಸದೆ, ಹಿಮ್ಮಡಿ ನೋವು ಬಂದ ಕೂಡಲೇ ಅವರಿಗೆ ತಿಳಿಸಿ. ಸಕ್ಕರೆ ಕಾಯಿಲೆ ಇದ್ದವರು, ಸ್ಟಿರಾಯ್ಡ್ ತೆಗೆದುಕೊಳ್ಳುವವರು ಏರು ಶುರು ಮಾಡುವ ಮುಂಚೆಯೇ ಕೇಳಿಕೊಳ್ಳಿ.

ಏರು ನಡಿಗೆ ಬಿಡಿ ಅಂತ ಹೇಳುತ್ತಿಲ್ಲ. ಮೀನಖಂಡಕ್ಕೆ ಅದರಷ್ಟು ಸುಲಭದ, ಖರ್ಚಿಲ್ಲದ ಕೆಲಸ ಬೇರೆ ಕಮ್ಮಿ. ನಾಳೆ ಸಂಜೆ ಬಟನ್ ಒತ್ತುವ ಮುಂಚೆ ಗೋಡೆ ಹತ್ತಿರ ನಿಂತು ಎಷ್ಟು ಸೆಂ.ಮೀ. ಅಂತ ಅಳೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಎರಡು ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಅಷ್ಟರಲ್ಲಿ ಒಂದು ಸೆಂ.ಮೀ. ಕೂಡಿಕೊಂಡಿದ್ದು, ಬೆಳಗಿನ ಹೆಜ್ಜೆ ಹಗುರವಾಗಿದ್ದರೆ ನಿಮ್ಮ ದಾರಿ ಸರಿಯಿದೆ.